ಕ್ಯಾಲ್ಸಿಯಂ ಸಂದೇಶ ಕಿಣ್ವಕ್ಕೆ ತಲುಪುವುದನ್ನು ಪರದೆಯ ಮೇಲೆ ನೋಡುವುದು ಹೇಗೆ?

ಮಂಗಳೂರು, ಉಡುಪಿಯ ಪಿಯುಸಿ ವಿದ್ಯಾರ್ಥಿಗಳು ಸ್ನಾಯು ಸಂಕೋಚನದ ಪಾಠದಲ್ಲಿ ಕ್ಯಾಲ್ಸಿಯಂ ಟ್ರೋಪೋನಿನ್‌ಗೆ ಅಂಟಿಕೊಳ್ಳುವುದನ್ನು ಓದಿರುತ್ತಾರೆ. ಅದೇ ಕುಟುಂಬದ ಕ್ಯಾಲ್ಮಾಡ್ಯುಲಿನ್, ಕೇವಲ 148 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನಾದರೂ, ಹಲವಾರು ಕಿಣ್ವಗಳನ್ನು ನಿಯಂತ್ರಿಸುತ್ತದೆ. ಇದು ಆಕಾರ ಬದಲಾವಣೆಯ ಕೆಲಸವಾದ್ದರಿಂದ ಕಣ್ಣಾರೆ ನೋಡಿದರೇನೇ ಮನದಟ್ಟಾಗುತ್ತದೆ. ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಉಚಿತ ಜಾಲತಾಣವೂ ಕಾಲೇಜಿನ ಒಂದು ಕಂಪ್ಯೂಟರೂ ಇದಕ್ಕೆ ಸಾಕು. ಇಲ್ಲಿ ಹೇಳುವ ಗುರುತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿ, ಮೂರು ಆಯಾಮದ ನೋಟವನ್ನು ತೆರೆಯಿರಿ.

ಮೊದಲ ಹಂತ: 1ಸಿಎಫ್‌ಡಿ. ಇದು ಕ್ಯಾಲ್ಸಿಯಂ ಇಲ್ಲದ ಕ್ಯಾಲ್ಮಾಡ್ಯುಲಿನ್. ವಿಶ್ರಾಂತಿಯಲ್ಲಿರುವ ಜೀವಕೋಶದ ದ್ರವದಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 100 ನ್ಯಾನೊಮೋಲ್ ಮಾತ್ರ ಇರುತ್ತದೆ. ಆಗ ಕ್ಯಾಲ್ಮಾಡ್ಯುಲಿನ್‌ನ ಎರಡು ತುದಿಯ ಹಾಲೆಗಳೂ (ಉಂಡೆಯಂಥ ಭಾಗಗಳೂ) ಮುಚ್ಚಿಕೊಂಡಿರುತ್ತವೆ. ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ, ಹೋಲಿಸಲು ಇದೇ ಆಧಾರ.

ಎರಡನೇ ಹಂತ: 1ಸಿಎಲ್‌ಎಲ್. ಇದು ಕ್ಯಾಲ್ಸಿಯಂ ಅಂಟಿಕೊಂಡ ಕ್ಯಾಲ್ಮಾಡ್ಯುಲಿನ್. ಹಾಲೆಗೆ ಎರಡರಂತೆ ನಾಲ್ಕು ಕ್ಯಾಲ್ಸಿಯಂ ಗೋಲಿಗಳು ಕಾಣುತ್ತವೆ. 20ರಿಂದ 31ನೇ ಅಮೈನೋ ಆಮ್ಲದವರೆಗಿನ ಮೊದಲ ಕುಣಿಕೆಯನ್ನು ಹಿಗ್ಗಿಸಿ ನೋಡಿ: 12 ಅಮೈನೋ ಆಮ್ಲಗಳ ಈ ಕುಣಿಕೆಯಲ್ಲಿ ಕ್ಯಾಲ್ಸಿಯಂ ಅನ್ನು ಏಳು ಆಮ್ಲಜನಕಗಳು ಸುತ್ತುವರಿದಿವೆ, ಅವುಗಳಲ್ಲಿ ಎರಡು 31ನೆಯದಾದ ಗ್ಲುಟಮಿಕ್ ಆಮ್ಲವೊಂದರವೇ. ಆ ಎಳೆತಕ್ಕೆ ಅಕ್ಕಪಕ್ಕದ ಸುರುಳಿಗಳು ದೂರ ಸರಿದು, ಮೆಥಿಯೊನಿನ್ ಎಂಬ ಅಮೈನೋ ಆಮ್ಲಗಳಿಂದ ತುಂಬಿದ, ನೀರಿಗೆ ಒಗ್ಗದ ತಗ್ಗೊಂದು ಹೊರಗೆ ತೆರೆದುಕೊಳ್ಳುತ್ತದೆ. ಇಡೀ ಕಥೆಯ ತಿರುಳು ಇಲ್ಲಿದೆ, ಆದ್ದರಿಂದ ಹೆಚ್ಚು ಹೊತ್ತು ಇಲ್ಲಿಯೇ ಕಳೆಯಿರಿ.

ಕುಣಿಕೆಯೂ ಅದರ ಅಕ್ಕಪಕ್ಕದ ಸುರುಳಿಗಳೂ ಸೇರಿದ, ‘ಇಎಫ್ ಹ್ಯಾಂಡ್’ ಎಂದು ಕರೆಯುವ ಈ ರಚನೆಯನ್ನು ಮೊದಲು ಗುರುತಿಸಿದ್ದು ಗೆಂಡೆ ಮೀನಿನ ಪಾರ್ವಾಲ್ಬುಮಿನ್ ಎಂಬ ಪ್ರೋಟೀನಿನಲ್ಲಿ, 1973ರಲ್ಲಿ. ಮಲ್ಪೆ ಬಂದರಿನಲ್ಲೋ ಮಂಗಳೂರಿನ ದಕ್ಕೆಯಲ್ಲೋ ಇಳಿಯುವ ಬಂಗುಡೆ, ಬೂತಾಯಿಗಳ ಸ್ನಾಯುವಿನಲ್ಲೂ ಪಾರ್ವಾಲ್ಬುಮಿನ್ ಇದೆ. ಮೀನಿನ ಅಲರ್ಜಿಗೆ ಮುಖ್ಯ ಕಾರಣವೂ ಅದೇ. ಬೇಯಿಸಿದರೂ ಅದು ಸುಲಭವಾಗಿ ಕೆಡುವುದಿಲ್ಲ.

ಮೂರನೇ ಹಂತ: 2ಬಿಬಿಎಂ. ಈಗ ಕ್ಯಾಲ್ಮಾಡ್ಯುಲಿನ್‌ನ ನಡುವಿನ ಉದ್ದ ಸುರುಳಿ ಬಾಗಿ, ಎರಡು ಹಾಲೆಗಳೂ ತೆರೆದುಕೊಂಡ ತಮ್ಮ ತಗ್ಗುಗಳಿಂದ ಇನ್ನೊಂದು ಬಣ್ಣದ ಚಿಕ್ಕ ಸುರುಳಿಯನ್ನು ಎರಡೂ ಕಡೆಯಿಂದ ತಬ್ಬಿಕೊಂಡಿರುವುದು ಕಾಣುತ್ತದೆ. ಆ ಚಿಕ್ಕ ಸುರುಳಿ ಮಯೋಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವದ 26 ಅಮೈನೋ ಆಮ್ಲಗಳ ತುಣುಕು ಮಾತ್ರ, ಇಡೀ ಕಿಣ್ವ ಚಿತ್ರದಲ್ಲಿಲ್ಲ ಎಂಬುದನ್ನು ಗಮನಿಸಿ. ಪೂರ್ಣ ಕಿಣ್ವದಲ್ಲಿ ಈ ತುಣುಕಿಗೆ ಹೊಂದಿಕೊಂಡ ಭಾಗವು ಕಿಣ್ವದ ಕೆಲಸದ ಜಾಗಕ್ಕೆ ಅಗಳಿ ಹಾಕಿದಂತೆ ಅಡ್ಡ ಕುಳಿತಿರುತ್ತದೆ. ಕ್ಯಾಲ್ಮಾಡ್ಯುಲಿನ್ ತುಣುಕನ್ನು ಹಿಡಿದಾಗ ಆ ತಡೆ ಸರಿಯುತ್ತದೆ, ಕಿಣ್ವ ಚುರುಕಾಗುತ್ತದೆ. ಅಂದರೆ ಕ್ಯಾಲ್ಸಿಯಂ ಈ ಕಿಣ್ವವನ್ನು ತಾನೇ ಮುಟ್ಟುವುದಿಲ್ಲ. ಕ್ಯಾಲ್ಸಿಯಂ ಮಟ್ಟ ಇಳಿದಾಗ ಹಿಡಿತ ಸಡಿಲವಾಗಿ ತಡೆ ಮರಳುತ್ತದೆ.

ಆದರೆ ಮೂರನೇ ಚಿತ್ರವನ್ನು ಎಲ್ಲ ಕಿಣ್ವಗಳಿಗೂ ಅನ್ವಯಿಸುವ ನಿಯಮವೆಂದು ಬರೆದುಕೊಳ್ಳಬಾರದು. ಗ್ಲೈಕೋಜನ್ ವಿಭಜನೆಗೆ ಚಾಲನೆ ಕೊಡುವ ಫಾಸ್ಫೊರಿಲೇಸ್ ಕೈನೇಸ್‌ನಲ್ಲಿ ಕ್ಯಾಲ್ಮಾಡ್ಯುಲಿನ್ ಕಿಣ್ವದ ಕಾಯಂ ಭಾಗವೇ ಆಗಿದ್ದು, ಕ್ಯಾಲ್ಸಿಯಂ ಇಲ್ಲದಿದ್ದಾಗಲೂ ಬಿಟ್ಟುಹೋಗುವುದಿಲ್ಲ.