ಭಾನುವಾರದ ಶಾಲೆ ಶುರು ಮಾಡೋದು ಹೇಗೆ? ರೆಬೆಕಾ ಗ್ರಾಟ್ಜ್ ಮಾಡಿ ತೋರಿಸಿದ ದಾರಿ

ಹೊರದೇಶದಲ್ಲಿರುವ ಗೆಳೆಯರು ಆಗಾಗ ಕೇಳುತ್ತಾರೆ, ಮಕ್ಕಳಿಗೆ ವಾರಕ್ಕೊಂದು ದಿನ ಕನ್ನಡ ಕ್ಲಾಸ್ ಶುರು ಮಾಡಬೇಕು, ಎಲ್ಲಿಂದ ಹಿಡಿಯೋದು ಅಂತ. ಪುಸ್ತಕ ಇಲ್ಲ, ಮೇಷ್ಟ್ರು ಇಲ್ಲ, ಜಾಗ ಇಲ್ಲ, ದುಡ್ಡಂತೂ ಇಲ್ಲವೇ ಇಲ್ಲ. ಅವರಿಗೆ ನಾನು ರೆಬೆಕಾ ಗ್ರಾಟ್ಜ್ ಕಥೆ ಹೇಳುತ್ತೇನೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಯಹೂದಿ ಹೆಣ್ಣುಮಗಳು. 1781ರಲ್ಲಿ ಹುಟ್ಟಿದವರು, 1869ರಲ್ಲಿ ತೀರಿಕೊಂಡರು, ಮದುವೆಯಾಗಲಿಲ್ಲ. 1838ರಲ್ಲಿ ಇವರು ಶುರು ಮಾಡಿದ ಹೀಬ್ರೂ ಸಂಡೆ ಸ್ಕೂಲ್ ಅಮೆರಿಕದ ಯಹೂದಿಗಳಲ್ಲಿ ಅಂಥ ಮೊದಲ ಶಾಲೆ (ಹೀಬ್ರೂ ಅಂದರೆ ಯಹೂದಿಗಳ ಧರ್ಮಗ್ರಂಥದ ಭಾಷೆ). ನೀವು ಕಲಿಸುವುದು ಭಾಷೆಯಾಗಲಿ ಧರ್ಮವಾಗಲಿ, ಕೆಲಸ ಶುರು ಮಾಡುವ ರೀತಿ ಇವರಿಂದ ಕಲಿಯುವಂಥದ್ದು.

ಮೊದಲು ಅವರ ಪರಿಸ್ಥಿತಿ ನೋಡಿ. ಆಗ ಇಡೀ ಅಮೆರಿಕದಲ್ಲಿ ಇದ್ದ ಯಹೂದಿಗಳು ಸುಮಾರು 15 ಸಾವಿರ. ಸುತ್ತಮುತ್ತ ಎಲ್ಲಿ ನೋಡಿದರೂ ಕ್ರೈಸ್ತರು. ಭಾನುವಾರ ಪಾಠ ಹೇಳುವ ಕ್ರೈಸ್ತ ಶಾಲೆಗಳಿಗೆ ಪುಸ್ತಕ ಒದಗಿಸುತ್ತಿದ್ದ ಅಮೆರಿಕನ್ ಸಂಡೆ ಸ್ಕೂಲ್ ಯೂನಿಯನ್ 1824ರಲ್ಲಿ ಶುರುವಾಗಿದ್ದೇ ಫಿಲಡೆಲ್ಫಿಯಾದಲ್ಲಿ. ಪಕ್ಕದ ಮನೆ ಮಕ್ಕಳಿಗೆಲ್ಲ ಬೈಬಲ್ ಕಥೆ ಬಾಯಿಪಾಠ. ಯಹೂದಿ ಮಕ್ಕಳಿಗೆ, ಅದರಲ್ಲೂ ಬಡವರ ಮನೆ ಮಕ್ಕಳಿಗೆ, ತಮ್ಮ ಧರ್ಮ ಏನು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮತಾಂತರಕ್ಕೆ ಬರುವವರ ಮುಂದೆ ಈ ಮಕ್ಕಳು ಏನು ಉತ್ತರ ಕೊಟ್ಟಾರು ಅನ್ನೋದು ಗ್ರಾಟ್ಜ್ ಅವರ ಚಿಂತೆ.

ಈಗ ಕೆಲಸಕ್ಕೆ ಬರೋಣ. ಶಾಲೆಗಿಂತ ಮೊದಲು ಜನ ಬೇಕು. ಹೊಸದಾಗಿ ಸೇರಿಸಿದ ಜನ ಸಾಲದು, ಒಟ್ಟಿಗೆ ದುಡಿದು ಪಳಗಿದವರು ಬೇಕು. ಎಲ್ಲರೂ ಜಾರುವುದು ಇಲ್ಲೇ. ಉತ್ಸಾಹದಲ್ಲಿ ವಾಟ್ಸಾಪ್ ಗುಂಪು ಮಾಡಿ ನಲವತ್ತು ಜನರನ್ನು ಸೇರಿಸುತ್ತೀರಿ, ಮೂರನೇ ವಾರಕ್ಕೆ ಇಬ್ಬರು ಉಳಿದಿರುತ್ತಾರೆ, ಅವರಲ್ಲೊಬ್ಬರು ನೀವೇ! ಗ್ರಾಟ್ಜ್ 20ರ ಹರೆಯದಲ್ಲೇ, 1801ರಲ್ಲಿ, ಕಷ್ಟದಲ್ಲಿರುವ ಹೆಂಗಸರಿಗೂ ಮಕ್ಕಳಿಗೂ ನೆರವಾಗುವ ಮಹಿಳಾ ಸಂಘ ಕಟ್ಟುವಾಗ ಜೊತೆಗಿದ್ದರು. 1815ರಲ್ಲಿ ಶುರುವಾದ ಅನಾಥಾಲಯಕ್ಕೆ ಸುಮಾರು 40 ವರ್ಷ ಕಾರ್ಯದರ್ಶಿಯಾಗಿದ್ದರು. 1819ರಲ್ಲಿ ಯಹೂದಿ ಹೆಂಗಸರದ್ದೇ ಒಂದು ನೆರವಿನ ಸಂಘ ಶುರು ಮಾಡಿದರು, ಬಡವರಿಗೆ ಊಟ, ಸೌದೆ, ಬಟ್ಟೆ ಹಂಚುವ ಸಂಘ. ಶಾಲೆ ಹುಟ್ಟಿದ್ದು ಈ ಸಂಘದ ಮಡಿಲಲ್ಲಿ. 1838ರ ಫೆಬ್ರವರಿಯಲ್ಲಿ ನಿರ್ಣಯ ಮಾಡಿದರು, ಮಾರ್ಚ್ 4ಕ್ಕೆ ಬಾಗಿಲು ತೆರೆಯಿತು. ನಿರ್ಣಯಕ್ಕೂ ಪಾಠಕ್ಕೂ ನಡುವೆ ಹೆಚ್ಚೆಂದರೆ ಕೆಲವು ವಾರ ಅಷ್ಟೇ, ಯಾಕೆಂದರೆ ಯಾರು ಹೇಳಿದ ಮಾತು ಉಳಿಸಿಕೊಳ್ಳುತ್ತಾರೆ, ಯಾರು ಸುಮ್ನೆ ಮಾತಾಡುತ್ತಾರೆ ಅನ್ನೋದು ಅವರಿಗೆ 19 ವರ್ಷಗಳಿಂದ ಗೊತ್ತಿತ್ತು. ನಿಮ್ಮ ಊರಿನಲ್ಲಿ ಕನ್ನಡ ಕೂಟ ಇದ್ದರೆ, ರಾಜ್ಯೋತ್ಸವದ ದಿನ ಕೊನೆಯವರೆಗೆ ನಿಂತು ಕುರ್ಚಿ ಮಡಚುವವರು ಯಾರು ಅಂತ ನೋಡಿಟ್ಟುಕೊಳ್ಳಿ. ಅವರನ್ನೇ ಕೇಳಿ.

ಅಂದಹಾಗೆ ಆ ಮಾರ್ಚ್ 4 ಗ್ರಾಟ್ಜ್ ಅವರ ಹುಟ್ಟುಹಬ್ಬ. 57 ತುಂಬಿತ್ತು. ಇದಕ್ಕೂ ಸುಮಾರು 20 ವರ್ಷ ಮೊದಲು ತಮ್ಮ ಮನೆತನದ ಮಕ್ಕಳಿಗೆ ಮಾತ್ರ ಅಂತ ಒಂದು ಪುಟ್ಟ ಹೀಬ್ರೂ ಪಾಠಶಾಲೆ ಮಾಡಿ ನೋಡಿದ್ದರು, ಅದು ಬಹಳ ದಿನ ನಡೆಯಲಿಲ್ಲ. ಹಾಗಾಗಿ ನಿಮ್ಮ ಮೊದಲ ಕ್ಲಾಸ್ ನಿಂತುಹೋಗಿದ್ದರೆ ಚಿಂತೆ ಬೇಡ, ಆದರೆ ಮುಂದಿನ ಸಲ ಬಾಗಿಲನ್ನು ನಿಮ್ಮ ಮನೆಯವರಾಚೆಗೂ ತೆರೆದಿಡಿ.

ದಿನ ಆರಿಸುವಾಗ ಹಟ ಬೇಡ. ಯಹೂದಿಗಳಿಗೆ ಶನಿವಾರ ಪವಿತ್ರ ದಿನ. ಅವತ್ತು ಬರೆಯುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ. ಭಾನುವಾರ ಕ್ರೈಸ್ತರ ದಿನ, ನಮಗ್ಯಾಕೆ ಅಂತ ಗ್ರಾಟ್ಜ್ ಮೂಗು ಮುರಿಯಲಿಲ್ಲ. ಅವತ್ತು ಊರಿಗೇ ರಜ, ಮಕ್ಕಳು ಮನೆಯಲ್ಲಿರುತ್ತಾರೆ, ಪಕ್ಕದವರ ಮಕ್ಕಳು ಹೇಗೂ ಪಾಠಕ್ಕೆ ಹೋಗುತ್ತಿರುತ್ತಾರೆ. ಬೇರೆಯವರ ವ್ಯವಸ್ಥೆ ಚೆನ್ನಾಗಿದ್ದರೆ ಚೌಕಟ್ಟನ್ನು ತಗೊಂಡು ಒಳಗೆ ನಿಮ್ಮ ಪಾಠ ತುಂಬಿಸಿ.

ಇನ್ನು ಪುಸ್ತಕ. ಇದು ನನಗೆ ತುಂಬಾ ಇಷ್ಟವಾದ ಭಾಗ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಶಾಲೆ ಶುರುವಾದಾಗ ಯಹೂದಿ ಮಕ್ಕಳಿಗೆ ಅಂತ ಇಂಗ್ಲಿಷ್‌ನಲ್ಲಿ ಸರಿಯಾದ ಪಠ್ಯಪುಸ್ತಕವೇ ಇರಲಿಲ್ಲ. ಬರೆಸಿ, ಅಚ್ಚು ಹಾಕಿಸಿ, ಆಮೇಲೆ ಶಾಲೆ ಅಂದಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು. ಕ್ರೈಸ್ತರ ಸಂಡೆ ಸ್ಕೂಲ್ ಪುಸ್ತಕಗಳನ್ನೇ ತಂದರು. ತಮಗೆ ಒಪ್ಪದ ಉತ್ತರ ಬಂದ ಕಡೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿದರು. ಗ್ರಾಟ್ಜ್ ಅವರ ಬಂಧು ರೋಸಾ ಮೊರ್ಡೆಕೈ ಆ ಶಾಲೆಯಲ್ಲಿ ಕಲಿತ ಹುಡುಗಿ. ದೊಡ್ಡವರಾದ ಮೇಲೆ ಇದನ್ನು ನೆನಪಿಸಿಕೊಂಡು ಬರೆದಿದ್ದಾರೆ: ಮಕ್ಕಳು ಆ ಪಟ್ಟಿಯ ಮೇಲಿಂದ, ಕೆಳಗಿಂದ, ಕಾಗದದೊಳಗಿಂದ ಏನು ಬರೆದಿದೆ ಅಂತ ಓದಲು ಪಡಬಾರದ ಪಾಡು ಪಡುತ್ತಿದ್ದರಂತೆ, ಓದಲು ಆಗುತ್ತಿರಲಿಲ್ಲವಂತೆ. ಮಕ್ಕಳೇ ಹಾಗಲ್ವಾ, ಮುಚ್ಚಿಟ್ಟದ್ದರ ಮೇಲೇ ಕಣ್ಣು.

ಆದರೆ ಅಂಟಿಸಿದ ಪುಸ್ತಕದಲ್ಲೇ ವರ್ಷಗಟ್ಟಲೆ ಕಾಲ ಕಳೆಯಬೇಡಿ. ಪಾಠ ನಡೆಯುತ್ತಿರುವಾಗಲೇ ನಿಮ್ಮದೇ ಪುಸ್ತಕ ತಯಾರಾಗಬೇಕು. 1839ರಲ್ಲೇ ಊರಿನ ಮಿಕ್ವೆ ಇಸ್ರೇಲ್ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಪ್ರಾರ್ಥನೆ ನಡೆಸಿಕೊಡುತ್ತಿದ್ದ ಐಸಾಕ್ ಲೀಸರ್ ಯಹೂದಿ ಮಕ್ಕಳಿಗಾಗಿ ಪ್ರಶ್ನೋತ್ತರದ ಪುಸ್ತಕ ತಂದರು, ಗ್ರಾಟ್ಜ್ ಅವರಿಗೇ ಅರ್ಪಿಸಿದರು. ಲೀಸರ್ ತಾವೇ ಹಿಂದೆ ಶಾಲೆ ನಡೆಸಲು ಹೊರಟು ಕೈಸುಟ್ಟುಕೊಂಡಿದ್ದವರು, ಈಗ ಹೆಂಗಸರ ಶಾಲೆಗೆ ಬೆನ್ನೆಲುಬಾಗಿ ನಿಂತರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸಿಮ್ಹಾ ಪೇಷೋಟೊ ಮತ್ತು ಅವರ ಸಹೋದರಿ ರೇಚಲ್ ಪೈಕ್ ಕೂಡ ಮಕ್ಕಳಿಗೆ ಪುಸ್ತಕ ಬರೆದರು. ಕ್ಲಾಸಿನಲ್ಲಿ ಮಗು ಎಲ್ಲಿ ತಡವರಿಸುತ್ತೆ ಅನ್ನೋದು ಪಾಠ ಹೇಳಿದವರಿಗೇ ಗೊತ್ತು. ಆದ್ದರಿಂದ ಪ್ರತಿ ವಾರ ಮುಗಿದ ಮೇಲೆ ಹತ್ತು ನಿಮಿಷ ಕೂತು ಏನು ನಡೆಯಿತು, ಏನು ನಡೆಯಲಿಲ್ಲ ಅಂತ ಗೀಚಿಡಿ. ಮುಂದೆ ಪುಸ್ತಕ ಬರೆಯುವವರಿಗೆ ಅದೇ ಬಂಡವಾಳ.

ಮೇಷ್ಟ್ರು ಎಲ್ಲಿ ಸಿಗುತ್ತಾರೆ? ಗ್ರಾಟ್ಜ್ ಪಂಡಿತರನ್ನು ಹುಡುಕಿಕೊಂಡು ಹೋಗಲಿಲ್ಲ. ಸಮುದಾಯದ ಯುವತಿಯರನ್ನು ಕರೆದರು, ಯಾರಿಗೂ ಸಂಬಳ ಇಲ್ಲ, ಮಕ್ಕಳಿಗೂ ಫೀಸ್ ಇಲ್ಲ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಯಹೂದಿ ಧರ್ಮದ ಪಾಠ ಅಂದರೆ ಗಂಡಸರ ಕೆಲಸ ಅಂತಿದ್ದ ಕಾಲ. ಇಲ್ಲಿ ಕಲಿಸುವವರೆಲ್ಲ ಹೆಂಗಸರು, ಕಲಿಯುವವರಲ್ಲಿ ಹುಡುಗರೂ ಇದ್ದರು ಹುಡುಗಿಯರೂ ಇದ್ದರು, ಒಂದೇ ಕೋಣೆಯಲ್ಲಿ. ಮುಂದೆ ಅದೇ ಶಾಲೆಯಲ್ಲಿ ಕಲಿತ ಹುಡುಗಿಯರೇ ಟೀಚರ್ ಆದರು. ನೀವೂ ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಚಿಕ್ಕವರ ಗುಂಪು ಒಪ್ಪಿಸಿ ನೋಡಿ. ಕ್ಲಾಸ್ ಬಿಟ್ಟು ಓಡುವ ವಯಸ್ಸು ಅದು, ಜವಾಬ್ದಾರಿ ಕೊಟ್ಟರೆ ನಿಲ್ಲುತ್ತಾರೆ.

ಪಾಠದ ಭಾಷೆ ಇಂಗ್ಲಿಷ್. ಮಕ್ಕಳಿಗೆ ತಿಳಿಯುತ್ತಿದ್ದದ್ದು ಅದೇ. ಇದಕ್ಕೆ ಬೆಲೆಯನ್ನೂ ತೆತ್ತರು, ಮುಚ್ಚಿಡೋದು ಯಾಕೆ, ಹೆಸರಲ್ಲಿ ಹೀಬ್ರೂ ಇದ್ದರೂ ಶಾಲೆಯಲ್ಲಿ ಹೀಬ್ರೂ ಕಲಿಕೆ ಕಡಿಮೆಯೇ ಇತ್ತು. ಧರ್ಮದ ಪಾಠಕ್ಕೆ ಅದು ನಡೆದೀತು. ಭಾಷೆಯನ್ನೇ ಕಲಿಸಲು ಹೊರಟವರಿಗೆ ನಡೆಯಲ್ಲ, ಹಾಗಾಗಿ ಈ ವಿಷಯದಲ್ಲಿ ಮಾತ್ರ ಗ್ರಾಟ್ಜ್ ದಾರಿ ಬಿಡಿ: ವಿವರಣೆ ಮಕ್ಕಳ ಭಾಷೆಯಲ್ಲಿರಲಿ, ಹಾಡು, ಆಟ, ಬಾಯಿಪಾಠ ಕನ್ನಡದಲ್ಲೇ ಇರಲಿ.

ಕ್ಲಾಸ್ ಪ್ರತಿ ವಾರ ಒಂದೇ ರೀತಿ ಶುರುವಾಗಲಿ. ಗ್ರಾಟ್ಜ್ ಕಪ್ಪು ಉಡುಪು, ಬಿಳಿ ಕಾಲರ್ ತೊಟ್ಟು ಮುಂದೆ ನಿಲ್ಲುತ್ತಿದ್ದರು. ಬೈಬಲ್‌ನ (ಅದರ ಹಳೆಯ ಭಾಗ ಯಹೂದಿಗಳಿಗೂ ಪವಿತ್ರ ಗ್ರಂಥ) ಒಂದು ಅಧ್ಯಾಯ ಸ್ಪಷ್ಟವಾಗಿ ಓದುತ್ತಿದ್ದರು. ಪ್ರಾರ್ಥನೆಯನ್ನು ಸಾಲು ಸಾಲಾಗಿ ಹೇಳಿಕೊಟ್ಟು ಮಕ್ಕಳಿಂದ ಹೇಳಿಸುತ್ತಿದ್ದರು. ಆಮೇಲೆ ಗುಂಪುಗಳಾಗಿ ಪಾಠ. ತಡವಾಗಿ ಬಂದ ಮಗುವಿಗೂ ಈಗ ಏನು ನಡೀತಿದೆ ಅಂತ ಗೊತ್ತಾಗುವಂತಿರಬೇಕು, ಅಷ್ಟೇ.

ವರ್ಷಕ್ಕೊಮ್ಮೆ ಅಪ್ಪ ಅಮ್ಮಂದಿರ ಮುಂದೆ ಪರೀಕ್ಷೆ ಇಡಿ. ಅವರು ಸಿನಗಾಗ್‌ನಲ್ಲೇ ಇಡುತ್ತಿದ್ದರು, ಎಲ್ಲರೆದುರು. ಚೆನ್ನಾಗಿ ಹೇಳಿದವರಿಗೆ ಬಹುಮಾನ. ಹೋಗುವಾಗ ಪ್ರತಿ ಮಗುವಿನ ಕೈಗೂ ಒಂದು ಕಿತ್ತಳೆ, ಒಂದು ಪ್ರೆಟ್ಜೆಲ್, ಅಂದರೆ ಗಂಟು ಹಾಕಿದ ಹಾಗೆ ತಿರುಚಿ ಬೇಯಿಸಿದ ಬ್ರೆಡ್, ಫಿಲಡೆಲ್ಫಿಯಾದಲ್ಲಿ ಇವತ್ತಿಗೂ ಬೀದಿಬೀದಿಯಲ್ಲಿ ಸಿಗುತ್ತೆ. ಬಹುಮಾನ ನಾಲ್ಕು ಜನಕ್ಕೆ ಸಿಕ್ಕರೂ ಕಿತ್ತಳೆ ಎಲ್ಲರಿಗೂ ಸಿಗಬೇಕು. ಚಕ್ಕುಲಿಯೂ ನಡೆಯುತ್ತೆ.

ಶಾಲೆ ನೆಲೆಯೂರಿದ ಮೇಲೆ ಯಾರಾದರೂ ಪಕ್ಕದ ಊರಿನಿಂದ ಕೇಳಿದರೆ ಗುಟ್ಟು ಮಾಡಬೇಡಿ. ಚಾರ್ಲ್ಸ್‌ಟನ್, ಸವಾನಾ, ಬಾಲ್ಟಿಮೋರ್ ಊರುಗಳ ಹೆಂಗಸರು ತಾವೂ ಶಾಲೆ ತೆರೆಯಲು ಹೊರಟಾಗ ಆ ಹೆಂಗಸರಿಗೆ ಗ್ರಾಟ್ಜ್ ಸಲಹೆ ಕೊಟ್ಟರು. ಚಾರ್ಲ್ಸ್‌ಟನ್‌ನ ಶಾಲೆ ಅದೇ 1838ರಲ್ಲಿ ಶುರುವಾಯಿತು.

ಇನ್ನು ರಿಜಿಸ್ಟ್ರೇಷನ್, ಬೈಲಾ, ಲೋಗೋ. ಎಲ್ಲರಿಗೂ ಮೊದಲ ಮೀಟಿಂಗ್‌ನಲ್ಲೇ ಇದು ಬೇಕು, ಅಧ್ಯಕ್ಷರು ಯಾರು ಅನ್ನೋ ಹಗ್ಗಜಗ್ಗಾಟ ಬೇರೆ. ಹೀಬ್ರೂ ಸಂಡೆ ಸ್ಕೂಲ್ ಸೊಸೈಟಿ ಅಂತ ಬೇರೆಯಾಗಿ ನೋಂದಣಿಯಾಗಿದ್ದು 1858ರಲ್ಲಿ, ಶಾಲೆ ಶುರುವಾಗಿ 20 ವರ್ಷ ಕಳೆದ ಮೇಲೆ. ಗ್ರಾಟ್ಜ್ 1864ರವರೆಗೆ, 83 ವರ್ಷ ತುಂಬುವ ತನಕ ಅದನ್ನು ನಡೆಸಿ ಆಮೇಲೆ ಬೇರೆಯವರಿಗೆ ಬಿಟ್ಟುಕೊಟ್ಟರು. ಆದ್ದರಿಂದ ಮುಂದಿನ ಭಾನುವಾರಕ್ಕೆ ಒಂದು ಹಾಲ್ ಅಥವಾ ಯಾರದ್ದಾದರೂ ಮನೆಯ ಹಜಾರ ಕೇಳಿಡಿ. ಕತ್ತರಿ, ಅಂಟು, ಕಾಗದವೂ ಜೊತೆಗಿರಲಿ.