ಆಹಾರ–ವಿಹಾರ ಹಿಡಿದು ಲ್ಯಾಟಿನ್ ಕಲಿಸಿದ್ದು: ನನ್ನ ಅನುಭವ

ಇಂಗ್ಲಿಷ್ ಪದಗಳನ್ನು ಲ್ಯಾಟಿನ್ ಬೇರು ಹಿಡಿದು ಕಲಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. "ಕನ್ನಡ ಮಾಧ್ಯಮದ ಹುಡುಗರಿಗೆ ಇಂಗ್ಲಿಷೇ ಕಬ್ಬಿಣದ ಕಡಲೆ, ಅದರ ಮೇಲೆ ಲ್ಯಾಟಿನ್ ಬೇರೆ ಹೇರ್ತೀರಾ?" ಮೊದಲ ಎರಡು ಬ್ಯಾಚಿನಲ್ಲಿ ಅವರ ಮಾತೇ ನಿಜವಾಯ್ತು.

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ನನ್ನದು. ಎಲ್ಲರ ಹಾಗೆ ಅರವತ್ತು ಬೇರುಗಳ ಪಟ್ಟಿ ಮಾಡಿ, ಬಣ್ಣದ ಚಾರ್ಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿದೆ. ಹತ್ತಿರತ್ತಿರ 7,000 ರೂಪಾಯಿ ಕೈಯಿಂದಲೇ ಹೋಯ್ತು. ಹುಡುಗರು ಪಟ್ಟಿಯನ್ನು ಮಗ್ಗಿ ಥರ ಉರು ಹೊಡೆದರು. ಟೆಸ್ಟಿನಲ್ಲಿ 'ಪೀಡಿಯಾಟ್ರಿಷಿಯನ್' ಕೇಳಿದೆ. 'ಪೆಡ್' ಅಂದರೆ ಪಾದ ಅಂತ ನಾನೇ ಕಲಿಸಿದ್ದೆನಲ್ಲ, ಮುಕ್ಕಾಲು ಕ್ಲಾಸು "ಕಾಲಿನ ಡಾಕ್ಟರ್" ಅಂತ ಬರೆದಿತ್ತು. ಆದರೆ ಪೀಡಿಯಾಟ್ರಿಷಿಯನ್‌ನ 'ಪೀಡ್' ಗ್ರೀಕಿನಿಂದ ಬಂದದ್ದು, ಮಗು ಅಂತ ಅರ್ಥ. ಬೈಯೋಕೂ ಬಾಯಿ ಬರಲಿಲ್ಲ.

ದಾರಿ ಸಿಕ್ಕಿದ್ದು ಪಕ್ಕದ ಕೋಣೆಯಿಂದ. ಕನ್ನಡ ಮೇಷ್ಟ್ರು ಉಪಸರ್ಗ ಹೇಳಿಕೊಡ್ತಿದ್ದರು: ಆಹಾರ, ವಿಹಾರ, ಪರಿಹಾರ, ಸಂಹಾರ. ಹಿಂದಿನ 'ಹಾರ' ಒಂದೇ, ಮುಂದಿನ ತುಂಡು ಬದಲಾದರೆ ಊಟ ಹೋಗಿ ಕೊಲೆ! ಇದು ನಮ್ಮ ಹುಡುಗರಿಗೆ ಹೈಸ್ಕೂಲಿನಿಂದಲೇ ಗೊತ್ತು. ಮರುದಿನವೇ ಚಾರ್ಟ್ ಇಳಿಸಿದೆ. ವಾರಕ್ಕೆ ಒಂದೇ ಬೇರು, ಅದೂ ಊರಲ್ಲಿ ಕೇಳಿದ ಪದದಿಂದ.

ಮೊದಲ ವಾರ 'ಸ್ಪೆಕ್ಟ್', ನೋಡು. ಇನ್‌ಸ್ಪೆಕ್ಟರ್ ಯಾರಿಗೆ ಗೊತ್ತಿಲ್ಲ? ಒಳಹೊಕ್ಕು ನೋಡುವವನು. ರೆಸ್ಪೆಕ್ಟ್, ತಿರುಗಿ ನೋಡುವಂಥದ್ದು. ಪ್ರಾಸ್ಪೆಕ್ಟ್, ಮುನ್ನೋಟ. ಸಸ್ಪೆಕ್ಟ್ ಅಂದರೆ ಕೆಳಗಿನಿಂದ ಕದ್ದು ನೋಡುವುದು ಅಂದಾಗ ಒಬ್ಬ, "ನಮ್ಮ ಕಡೆ ಓರೆಗಣ್ಣು ಅಂತೀವಲ್ರೀ" ಅಂದ. ಡಿಸ್ಪೈಸ್ ಕೂಡ ಇದೇ ಮನೆತನದ್ದು, ಮೇಲಿಂದ ಕೆಳಕ್ಕೆ ನೋಡುವುದು. ನಾವು 'ಕೀಳಾಗಿ ಕಾಣು' ಅನ್ನುತ್ತೇವೆ. ಆ ಪದವನ್ನು ಯಾರೂ ಮರೆತಿಲ್ಲ.

ಎಡವುತ್ತಿದ್ದದ್ದು ರೂಪ ಬದಲಾದಲ್ಲಿ. ಸಪೋರ್ಟಿನಲ್ಲಿ 'ಕೆಳಗೆ' ಅನ್ನುವ 'ಸಬ್' ಎಲ್ಲಿ ಹೋಯ್ತು? ಜಗತ್ ಮತ್ತು ನಾಥ ಸೇರಿ ಜಗನ್ನಾಥ ಆದಾಗ 'ತ್' ಹೋದ ದಾರಿಯಲ್ಲೇ. ಸಬ್, ಪೋರ್ಟ್, ಕೆಳಗೆ ನಿಂತು ಹೊರುವುದು. ಸಂಧಿ ಅಂದ ಕೂಡಲೇ ಇಲ್ಲೀಗಲ್, ಇರ್‌ರೆಗ್ಯುಲರ್, ಇಂಪಾಸಿಬಲ್ ಎಲ್ಲದರಲ್ಲೂ ಅಡಗಿದ 'ಅಲ್ಲ' ಅನ್ನುವ 'ಇನ್' ಅನ್ನು ಅವರೇ ಬಿಡಿಸಿದರು. ನಾನು ಸುಮ್ಮನೆ ಚಹಾ ಕುಡೀತಾ ಕೂತೆ.

ನಡುವೆ ಒಂದು ಅಧಿಕಪ್ರಸಂಗವನ್ನೂ ಮಾಡಿದೆ. ದಂತ–ಡೆಂಟಿಸ್ಟ್, ಅಗ್ನಿ–ಇಗ್ನಿಷನ್, ಸಂಸ್ಕೃತ–ಲ್ಯಾಟಿನ್ ನೆಂಟಸ್ತನ ತೋರಿಸಿದೆ. ಮೂರೇ ದಿನ. ನಾಲ್ಕನೆಯ ದಿನ ಒಬ್ಬ ಎದ್ದು, ಕನ್ನಡದ 'ಕಂಡು'ವಿಗೂ ಇಂಗ್ಲಿಷಿಗೂ ನೆಂಟಸ್ತನ ಕಟ್ಟಿ, "ಟಿಕೆಟ್ ಇಲ್ಲದವನನ್ನು ಕಂಡು ಹಿಡಿಯೋನು ಕಂಡಕ್ಟರ್" ಅಂದ. 'ಡಕ್ಟ್' ಅಂದರೆ ನಡೆಸು, ಕಂಡಕ್ಟರ್ ಜೊತೆಗಿದ್ದು ನಡೆಸುವವನು ಅಂತ ತಿದ್ದುವುದರಲ್ಲಿ ಒಂದು ಪೀರಿಯಡ್ ಹೋಯ್ತು. ಆ ಪ್ರಯೋಗ ಅಲ್ಲಿಗೇ ಬಂದ್.

ಕಳೆದ ಬ್ಯಾಚಿನಲ್ಲಿ ಇಪ್ಪತ್ತೆರಡು ಜನ ಇದ್ದರೆಂದು ನೆನಪು. ಕಲಿಸದೇ ಇದ್ದ 20 ಪದ ಕೊಟ್ಟರೆ ಮೊದಲು ಐದಾರು ಸರಿ ಇರುತ್ತಿತ್ತು, ಈಗ ಸರಾಸರಿ ಹದಿಮೂರು. ಖರ್ಚು ಸೀಮೆಸುಣ್ಣದ್ದು ಮಾತ್ರ. ನಕ್ಕವರಲ್ಲಿ ಇಬ್ಬರು ಬಂದು ಯಾವ ಬೇರು ಆದಮೇಲೆ ಯಾವುದು ಅಂತ ಕೇಳಿದರು. ಆ ಅನುಕ್ರಮವನ್ನು ಅವರಿಗೂ ಕೊಟ್ಟಿಲ್ಲ, ಇಲ್ಲೂ ಕೊಡಲ್ಲ. ಎರಡು ವರ್ಷ ಸುಟ್ಟುಕೊಂಡು ಕಂಡುಕೊಂಡದ್ದು. 'ಪೋರ್ಟ್' ಅನ್ನು ಮೊದಲ ವಾರವೇ ಮುಟ್ಟಬೇಡಿ, ಅಷ್ಟು ಹೇಳ್ತೀನಿ: ಬಂದರು ಅನ್ನುವ ಪೋರ್ಟ್ ಬೇರೆ ಲ್ಯಾಟಿನ್ ಪದದಿಂದ ಬಂದದ್ದು, ತಲೆ ಕೆಡಿಸುತ್ತೆ.

ಈ ವಾರ 'ಮಿಟ್–ಮಿಸ್', ಕಳಿಸು. ಪರ್ಮಿಟ್–ಪರ್ಮಿಷನ್, ಅಡ್ಮಿಟ್–ಅಡ್ಮಿಷನ್, ಮಿಸೈಲ್ ಎಲ್ಲ ಬಂತು. ಒಬ್ಬಳು ಪಟ್ಟಿಯ ಕೊನೆಗೆ ಮಿಸ್ಟೇಕ್ ಕೂಡ ಸೇರಿಸಿದ್ದಾಳೆ. ಅದು ಲ್ಯಾಟಿನ್ ಅಲ್ಲ ಅಂತ ಸೋಮವಾರ ಹೇಳಬೇಕು.