ಬ್ಲೋಟ್ ಬಂದ ಎಂಬೂನಾ ಉಳಿಯುತ್ತವೆ: ನನ್ನ ಅನುಭವ

ಎಂಬೂನಾ ಅಂದರೆ ಆಫ್ರಿಕಾದ ಮಲಾವಿ ಸರೋವರದ ಕಲ್ಲುಗಳ ನಡುವೆ ಬದುಕುವ ಸಿಕ್ಲಿಡ್ ಕುಟುಂಬದ ಬಣ್ಣದ ಮೀನು. ಅವನ್ನು ಸಾಕುವವರಿಗೆ ಬ್ಲೋಟ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹೊಟ್ಟೆ ಊದುತ್ತದೆ, ಎರಡು ಮೂರು ದಿನಕ್ಕೆ ಮೀನು ಹೋಗುತ್ತದೆ, ಅದರ ಹಿಂದೆಯೇ ಇನ್ನೊಂದು ಶುರು. "ಬ್ಲೋಟ್ ಬಂದ್ರೆ ಮುಗೀತು ಸಾರ್. ತೆಗೆದು ಬಿಸಾಕಿ, ಉಳಿದದ್ದನ್ನ ನೋಡ್ಕೊಳ್ಳಿ." ಅಂಗಡಿಯವರೂ ಇದನ್ನೇ ಹೇಳಿದರು, ನಮ್ಮ ಸಿಕ್ಲಿಡ್ ಗೆಳೆಯರೂ ಇದನ್ನೇ ಹೇಳಿದರು. ಹೋದ ಮಳೆಗಾಲದಲ್ಲಿ ನನ್ನ ಡೆಮಾಸೋನಿ (ನೀಲಿ ಪಟ್ಟೆಯ ಪುಟ್ಟ ಎಂಬೂನಾ) ಟ್ಯಾಂಕಿಗೆ ಬ್ಲೋಟ್ ಬಂತು. 20ರ ಆಸುಪಾಸು ಮೀನಿದ್ದವು. ಎರಡೋ ಮೂರೋ ಹೋದವು, ಮಿಕ್ಕವೆಲ್ಲ ಈಗಲೂ ಕಲ್ಲಿನ ಮಧ್ಯೆ ಜಗಳ ಆಡಿಕೊಂಡು ಇವೆ. ನಂಬದವರು ಮನೆಗೆ ಬಂದು ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಟ್ಯಾಂಕ್ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಕಲ್ಲು ಮರಳು ಕಳೆದರೆ 300 ಲೀಟರ್ ಇರಬಹುದು. ನೀರು ಬೆಂಗಳೂರಿನ ನಮ್ಮ ಬೋರ್‌ವೆಲ್‌ದು, ಗಡಸು, ಪಿಎಚ್ 8ರ ಹತ್ತಿರ. ಮೆದು ನೀರು ಬೇಕಾದ ಡಿಸ್ಕಸ್ ಮೀನು ಸಾಕುವವರು ಬೈಯುವ ಈ ನೀರು ಮಲಾವಿ ಮೀನಿಗೆ ಹೇಳಿ ಮಾಡಿಸಿದ್ದು. ಒಂದು ಕ್ಯಾನಿಸ್ಟರ್, ಎರಡು ಸ್ಪಂಜ್ ಫಿಲ್ಟರ್. ಡೆಮಾಸೋನಿ ಜೊತೆಗೆ ಯೆಲ್ಲೋ ಲ್ಯಾಬ್ ಅನ್ನುವ ಹಳದಿ ಎಂಬೂನಾ ಒಂದಷ್ಟು.

ಮೊದಲು ಕೆಲಸಕ್ಕೆ ಬಾರದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ದುಡ್ಡು ಹೋದದ್ದೆಲ್ಲ ಅಲ್ಲೇ. ನಾಲ್ಕೈದು ವರ್ಷದ ಹಿಂದೆ ಮೊದಲ ಸಲ ಬ್ಲೋಟ್ ಬಂದಾಗ ಎಲ್ಲರ ಹಾಗೆ ಕಲ್ಲುಪ್ಪು ಹಾಕಿದೆ. ಏನೂ ಆಗಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ಮೇನ್ ಟ್ಯಾಂಕಿಗೇ ಮೆಥಿಲೀನ್ ಬ್ಲೂ. ಅದು ಫಿಲ್ಟರ್‌ನ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ. ಅಮೋನಿಯಾ ಏರಿತು. ನಮ್ಮ ಟ್ಯಾಂಕಿನಲ್ಲಿ ಅಮೋನಿಯಾ ಏರುವುದು ಅಂದರೆ ಸಣ್ಣ ಮಾತಲ್ಲ. ಪಿಎಚ್ 7 ಇರುವ ನೀರಿಗಿಂತ 8 ಇರುವ ನೀರಿನಲ್ಲಿ ಅದರ ವಿಷದ ಭಾಗ ಹೆಚ್ಚುಕಮ್ಮಿ ಹತ್ತರಷ್ಟು. ಬ್ಲೋಟ್ ಇಲ್ಲದ ಮೀನುಗಳೂ ಮೇಲೆ ಬಂದು ಏದುಸಿರು ಬಿಟ್ಟವು. ಸಿಲಿಕೋನ್ ಜಾಯಿಂಟು ಇವತ್ತಿಗೂ ನೀಲಿ. ನಂತರ ವಿದೇಶಿ ಔಷಧಿ ಬಾಟಲಿ, 1,000 ರೂಪಾಯಿಯ ಮೇಲೇ ಇತ್ತು, ಮೂರು ಡೋಸಿಗೆ ಖಾಲಿ. ಮೀನೂ ಖಾಲಿ. ಆಗ ಒಂದು ಡೆಮಾಸೋನಿಗೆ 350 ರೂಪಾಯಿ ಕೊಟ್ಟಿದ್ದ ನೆನಪು. ಹೋದದ್ದನ್ನು ಲೆಕ್ಕ ಹಾಕಲು ಮನೆಯವಳ ಮುಂದೆ ಧೈರ್ಯ ಬರಲಿಲ್ಲ.

ಎರಡನೇ ಸಲ ಮೆಟ್ರೋನಿಡಜೋಲ್ (ಕರುಳಿನ ಸೂಕ್ಷ್ಮ ಪರೋಪಜೀವಿಗಳನ್ನು ಕೊಲ್ಲುವ ಮಾತ್ರೆ) ನೀರಿಗೆ ಹಾಕಿದೆ. ಔಷಧಿ ಸರಿ, ಹಾಕಿದ ಜಾಗ ಸರಿಯಿಲ್ಲ. ಸಿಹಿನೀರಿನ ಮೀನು ನೀರು ಕುಡಿಯುವುದೇ ಅಪರೂಪ. ರೋಗ ಇರುವುದು ಕರುಳಿನಲ್ಲಿ. 300 ಲೀಟರಿಗೆ ದಿನಕ್ಕೆ ಐದು ಮಾತ್ರೆ ಕರಗಿಸಿದರೂ ಹೊಟ್ಟೆಗೆ ಹೋಗುವುದು ಎಷ್ಟು? ಔಷಧಿ ಬಾಯಿಂದ ಹೋಗಬೇಕು. ಬಾಯಿಂದ ಹೋಗಬೇಕಾದರೆ ಮೀನು ಇನ್ನೂ ತಿನ್ನುತ್ತಿರಬೇಕು. ಹಾಗಾಗಿ ಹೊಟ್ಟೆ ಊದುವ ತನಕ ಕಾಯುವ ಹಾಗಿಲ್ಲ. ನನ್ನ ಇಡೀ ಪದ್ಧತಿ ಇಷ್ಟೇ.

ಹಾಗಾದರೆ ಮೊದಲೇ ಹೇಗೆ ಗೊತ್ತಾಗುತ್ತದೆ? ಹೊಟ್ಟೆ ನೋಡಬೇಡಿ. ಬಾಯಿ ನೋಡಿ, ಹಿಕ್ಕೆ ನೋಡಿ. ಬೆಳಿಗ್ಗೆ ಆಹಾರ ಹಾಕಿದಾಗ ಎಲ್ಲವೂ ನುಗ್ಗಿ ಬರುತ್ತವೆ. ಕಾಯಿಲೆ ಶುರುವಾದ ಮೀನೂ ಬರುತ್ತದೆ, ಪೆಲೆಟ್ ಬಾಯಿಗೆ ಹಾಕಿಕೊಳ್ಳುತ್ತದೆ, ಆಮೇಲೆ ಉಗುಳುತ್ತದೆ. ಮತ್ತೆ ತೆಗೆದುಕೊಳ್ಳುತ್ತದೆ, ಮತ್ತೆ ಉಗುಳುತ್ತದೆ. ನೋಡುವವರಿಗೆ ತಿನ್ನುತ್ತಿದೆ ಅಂತಲೇ ಅನಿಸುತ್ತದೆ, ಅಲ್ವಾ? ಮೋಸ ಹೋಗುವುದು ಇಲ್ಲೇ. ಒಂದು ಮೀನನ್ನು ಗುರುತಿಟ್ಟುಕೊಂಡು ನುಂಗಿತಾ ಇಲ್ಲವಾ ಅಂತ ನೋಡಬೇಕು. ಡೆಮಾಸೋನಿ ಎಲ್ಲವೂ ಒಂದೇ ಥರ ಕಾಣುತ್ತವೆ ಅನ್ನುವವರು ಪಟ್ಟೆಗಳನ್ನು ಸರಿಯಾಗಿ ನೋಡಿಲ್ಲ.

ಹಿಕ್ಕೆ ವಿಷಯ. ಸ್ಪಿರುಲಿನಾ (ಪಾಚಿಯ ಆಹಾರ) ತಿನ್ನುವ ಮೀನಿನ ಹಿಕ್ಕೆ ಹಸಿರುಗಪ್ಪು, ತುಂಡು ತುಂಡಾಗಿ ಬೀಳುತ್ತದೆ. ಬಿಳಿ, ತೆಳ್ಳಗೆ, ದಾರದ ಹಾಗೆ ಉದ್ದಕ್ಕೆ ಜೋತಾಡುತ್ತಿದ್ದರೆ ಕಿವಿ ನಿಮಿರಬೇಕು. ಆದರೆ ಅದೊಂದನ್ನೇ ನಂಬಬೇಡಿ. ಎರಡು ದಿನ ಉಪವಾಸ ಹಾಕಿದ ಆರೋಗ್ಯದ ಮೀನೂ ಬಿಳಿ ಲೋಳೆ ಬಿಡುತ್ತದೆ. ಉಗುಳುವುದು, ಬಿಳಿ ಹಿಕ್ಕೆ, ಎರಡೂ ಒಂದೇ ಮೀನಿನಲ್ಲಿ ಕಂಡರೆ ನಾನು ಕಾಯುವುದಿಲ್ಲ. ಆಮೇಲೆ ಬರುವುದೆಲ್ಲ ನಿಮಗೆ ಗೊತ್ತಿರುವುದೇ: ಮೂಲೆ ಹಿಡಿಯುವುದು, ಬಣ್ಣ ಕಪ್ಪಾಗುವುದು, ಉಸಿರು ಜೋರಾಗುವುದು. ಹೊಟ್ಟೆ ಊದಿ ಹುರುಪೆ ಎದ್ದು ನಿಂತರೆ ನನ್ನ ಹತ್ತಿರವೂ ಉತ್ತರ ಇಲ್ಲ.

ಇನ್ನೊಂದು ಮುಖ್ಯ. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ಹೆಣ್ಣು ಮೂರು ವಾರ ತಿನ್ನುವುದಿಲ್ಲ. ಅದೂ ಮೂಲೆ ಹಿಡಿಯುತ್ತದೆ, ಅದರ ಹಿಕ್ಕೆಯೂ ಬಿಳಿ. ಗದ್ದದ ಕೆಳಗೆ ಉಬ್ಬಿದೆಯಾ, ಆಗಾಗ ಬಾಯಿ ಆಡಿಸುತ್ತದೆಯಾ ನೋಡಿ. ಪರಿಚಯದವರೊಬ್ಬರು ಇಂಥ ಯೆಲ್ಲೋ ಲ್ಯಾಬ್ ಹೆಣ್ಣನ್ನು ಕಾಯಿಲೆ ಅಂತ ಹಾಸ್ಪಿಟಲ್ ಟ್ಯಾಂಕಿಗೆ ಹಾಕಿದರು. ಅದು ಗಾಬರಿಯಲ್ಲಿ ಮೊಟ್ಟೆ ಎಲ್ಲ ಉಗುಳಿತು. ಹಾಗೆಯೇ ನೀರು ಬದಲಾಯಿಸಿದ ದಿನ ಮೀನು ಕಲ್ಲಿಗೆ ಮೈ ಉಜ್ಜಿದರೆ ಔಷಧಿ ಡಬ್ಬ ತೆಗೆಯಬೇಡಿ. ಕಾವೇರಿ ನೀರಾದರೆ ಮೊದಲು ಕ್ಲೋರಿನ್ ನೆನಪಿಸಿಕೊಳ್ಳಿ. ಕ್ಲೋರಿನ್ ತೆಗೆಯುವ ಹೈಪೋ ಹಾಕಿದ್ರಾ?

ಹೋದ ಸಲ ಬ್ಲೋಟ್ ಬರಲು ಕಾರಣ ಗೊತ್ತಿದೆ. ನಾವು ಊರಿಗೆ ಹೋಗಿದ್ದಾಗ ಪಕ್ಕದ ಮನೆಯ ಹುಡುಗ ಪ್ರೀತಿಯಿಂದ ಫ್ಲವರ್‌ಹಾರ್ನ್ ಮೀನಿನ ಪೆಲೆಟ್ ಹಾಕಿದ್ದ. ಕೊಬ್ಬು, ಪ್ರೋಟೀನು ಜಾಸ್ತಿ. ಎಂಬೂನಾ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಮೀನು, ಕರುಳು ಉದ್ದ, ಅಂಥ ಆಹಾರ ಅದಕ್ಕೆ ಒಗ್ಗುವುದಿಲ್ಲ. ಅದೇ ಸಮಯಕ್ಕೆ ಚೆನ್ನೈನ ಕೊಳತ್ತೂರಿನಿಂದ ಬಂದ ಅಸೆಯಿ ಅನ್ನುವ ಇನ್ನೊಂದು ಜಾತಿಯ ಹೊಸ ಎಂಬೂನಾ ಬಿಟ್ಟಿದ್ದೆ, ಗವಿಗಾಗಿ ಜಗಳ ನಡೆದಿತ್ತು. ಎರಡೂ ಸೇರಿದವು.

ಇನ್ನು ಮಾಡಿದ್ದು. ಉಗುಳುವುದು ಕಂಡ ದಿನವೇ ಇಡೀ ಟ್ಯಾಂಕಿಗೆ ಆಹಾರ ಬಂದ್. ಎರಡು ದಿನ, ದಿನವೂ 40 ಪರ್ಸೆಂಟ್ ನೀರು ಬದಲು. ಕೆಲವರು ಹೀಟರ್ 30 ಡಿಗ್ರಿಗೆ ಏರಿಸಿ ಅನ್ನುತ್ತಾರೆ. ನಾನು 26ರಲ್ಲೇ ಬಿಟ್ಟೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೊದಲೇ ಏದುಸಿರು ಬಿಡುವ ಮೀನಿಗೆ ಅದು ಯಾಕೆ?

ಮೂರನೇ ದಿನದಿಂದ ಔಷಧಿ ಆಹಾರ. ಲೆಕ್ಕ ಸುಲಭ: ಮೆಟ್ರೋನಿಡಜೋಲ್ 400 ಮಿಲಿಗ್ರಾಂ ಮಾತ್ರೆ ಒಂದು, ಸಣ್ಣ ಸ್ಪಿರುಲಿನಾ ಪೆಲೆಟ್ 40 ಗ್ರಾಂ. ಅಂದರೆ ಒಂದು ಗ್ರಾಂ ಆಹಾರಕ್ಕೆ 10 ಮಿಲಿಗ್ರಾಂ. ಮಾತ್ರೆಯ ಮೇಲಿನ ಲೇಪ ಕೆರೆದು ತೆಗೆದು, ನುಣ್ಣಗೆ ಪುಡಿ ಮಾಡಿ, ಚೂರು ಉಗುರುಬೆಚ್ಚಗಿನ ಜೆಲಾಟಿನ್ ನೀರಿನಲ್ಲಿ ಕಲಸಿ ಪೆಲೆಟ್‌ಗೆ ಹಚ್ಚಬೇಕು. ನೆರಳಿನಲ್ಲಿ ಒಣಗಿಸಿ ಫ್ರಿಜ್ಜಿನಲ್ಲಿಡಿ. ಬರೀ ನೀರಿನಲ್ಲಿ ಕಲಸಿದರೆ ಟ್ಯಾಂಕಿಗೆ ಬಿದ್ದ ಕೂಡಲೇ ಔಷಧಿ ತೊಳೆದು ಹೋಗುತ್ತದೆ. ದಿನಕ್ಕೆ ಎರಡು ಸಲ, ಸ್ವಲ್ಪ ಸ್ವಲ್ಪ, ಐದಾರು ದಿನ. ಬೇರೆ ಆಹಾರ ಕೊಡಬೇಡಿ.

ತೊಂದರೆ ಏನೆಂದರೆ ಮೆಟ್ರೋನಿಡಜೋಲ್ ವಿಪರೀತ ಕಹಿ. ಮೀನು ಉಗುಳುತ್ತದೆ, ಕಾಯಿಲೆಯಿಂದಲೋ ಕಹಿಯಿಂದಲೋ ಗೊತ್ತಾಗುವುದಿಲ್ಲ. ಎಲ್ಲರೂ ಬೆಳ್ಳುಳ್ಳಿ ರಸ ಹೇಳುತ್ತಾರೆ, ತಕ್ಕಮಟ್ಟಿಗೆ ಆಗುತ್ತದೆ. ನಾನು ಹಾಕುವುದು ಬೇರೆ, ಅಡುಗೆಮನೆಯಲ್ಲೇ ಇರುವಂಥದ್ದು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಹೇಳುತ್ತೇನೆ.

ಪೂರ್ತಿ ತಿನ್ನುವುದು ಬಿಟ್ಟ ನಾಲ್ಕೈದನ್ನು 40 ಲೀಟರಿನ ಹಾಸ್ಪಿಟಲ್ ಟ್ಯಾಂಕಿಗೆ ಹಾಕಿದೆ. ಅಲ್ಲಿ ನೀರಿಗೇ ಮೆಟ್ರೋನಿಡಜೋಲ್ 250 ಮಿಲಿಗ್ರಾಂ, ಜೊತೆಗೆ ಒಂದು ದೊಡ್ಡ ಚಮಚ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್). ದಿನವೂ ಕಾಲು ಭಾಗ ನೀರು ತೆಗೆದು ಮತ್ತೆ ಔಷಧಿ, ಎಪ್ಸಮ್ ಮಾತ್ರ ತೆಗೆದ ನೀರಿನ ಲೆಕ್ಕಕ್ಕೆ. ಏರ್ ಪಂಪ್ ಜೋರು, ಲೈಟ್ ಇಲ್ಲ. ಇದರಿಂದ ಕಾಯಿಲೆ ಹೋಗುತ್ತದೆ ಅಂತಲ್ಲ, ಮತ್ತೆ ಬಾಯಿ ತೆರೆಯುವಷ್ಟು ಚೇತರಿಸಿಕೊಂಡರೆ ಸಾಕು. ತಿನ್ನಲು ಶುರು ಮಾಡಿದ ಕೂಡಲೇ ಔಷಧಿ ಪೆಲೆಟ್. ಸತ್ತವು ಈ ಗುಂಪಿನವೇ.

ಮಾತ್ರೆಗೆ ಡಾಕ್ಟರ ಚೀಟಿ ಬೇಕು. ಪರಿಚಯದ ಪಶುವೈದ್ಯರಿಂದ ಬರೆಸಿಕೊಂಡು ಹೋದರೂ ಮೆಡಿಕಲ್ ಶಾಪಿನವನು "ಯಾರಿಗೆ ಸಾರ್ ಭೇದಿ?" ಅಂದ. ಮೀನಿಗೆ ಅಂದೆ. ಚೀಟಿಯನ್ನು ಇನ್ನೊಂದು ಸಲ ಓದಿದ. ಸ್ಟ್ರಿಪ್ಪಿನ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಜೆಲಾಟಿನ್, ಎಪ್ಸಮ್ ಎಲ್ಲ ಸೇರಿಸಿದರೂ 250 ದಾಟಿರಲಿಕ್ಕಿಲ್ಲ. ಹಾಗಂತ ಮೀನು ಸೀನಿದರೂ ಮೆಟ್ರೋನಿಡಜೋಲ್ ಹಾಕುವವರಿದ್ದಾರೆ. ಅದು ಬೇಡ. ಚಳಿಗಾಲದಲ್ಲಿ ಕರೆಂಟು ಹೋಗಿ ಹೀಟರ್ ನಿಂತು, ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಯ ಇಕ್ ರೋಗ ಬಂದರೆ ಈ ಮಾತ್ರೆಯಿಂದ ಏನೂ ಆಗುವುದಿಲ್ಲ.

ನಮ್ಮ ಗುಂಪಿನ ಹಿರಿಯರೊಬ್ಬರು, ಅಣ್ಣಾ ಅಂತಲೇ ಕರೆಯುವುದು, ಎಲ್ಲ ಕೇಳಿಸಿಕೊಂಡು "ಅವು ಹೇಗೂ ಉಳೀತಿದ್ವು ಬಿಡಪ್ಪಾ" ಅಂದರು. ನನಗೂ ಹಟ ಬಂತು. ಸೆಕೆಂಡ್‌ಹ್ಯಾಂಡ್ ವಿದ್ಯಾರ್ಥಿ ಮೈಕ್ರೋಸ್ಕೋಪ್ ಒಂದನ್ನು 4,500ಕ್ಕೋ ಏನೋ ತಂದೆ. ಆಗ ತಾನೇ ಬಿದ್ದ ಹಿಕ್ಕೆ ಬೇಕು, ತಡವಾದರೆ ಏನೂ ಕಾಣುವುದಿಲ್ಲ. ಪಿಪೆಟ್ ಹಿಡಿದು ಟ್ಯಾಂಕಿನ ಮುಂದೆ ಕಾದು ಕೂತದ್ದನ್ನು ಮಕ್ಕಳು ವಿಡಿಯೋ ಮಾಡಿದ್ದಾರೆ. 400 ಪಟ್ಟಿನಲ್ಲಿ ನೋಡಿದರೆ ಸಣ್ಣ ಸಣ್ಣ ಜೀವಿಗಳು ಸರ್ರನೆ ಓಡಾಡುತ್ತಿದ್ದವು, ಕಣ್ಣು ಹಿಡಿಯಲಿಕ್ಕೇ ಆಗದಷ್ಟು ಬೇಗ. ಆರೋಗ್ಯವಾಗಿದ್ದ ಯೆಲ್ಲೋ ಲ್ಯಾಬ್‌ನ ಹಿಕ್ಕೆಯಲ್ಲೂ ಒಂದೆರಡು ಕಂಡವು. ಕಾಯಿಲೆಯದ್ದರಲ್ಲಿ ತುಂಬಿಕೊಂಡಿದ್ದವು. ಔಷಧಿ ಆಹಾರ ಮುಗಿದ ಮೇಲೆ ನೋಡಿದರೆ ಖಾಲಿ. ಅಣ್ಣನಿಗೆ ಎರಡೂ ವಿಡಿಯೋ ತೋರಿಸಿದೆ. "ಹೌದಪ್ಪಾ" ಅಂದರು, ಅಷ್ಟೇ. ಆಮೇಲೆ ಅವರ ಆಸ್ಕರ್ ಮೀನಿಗೆ ತಲೆಯಲ್ಲಿ ತೂತು ಬಿದ್ದಾಗ ಫೋನ್ ಬಂದದ್ದು ನನಗೇ. ಅದಕ್ಕೂ ಇದೇ ಲೆಕ್ಕದ ಆಹಾರ, ಜೊತೆಗೆ ವಾರಕ್ಕೆ ಎರಡು ಸಲ ನೀರು ಬದಲು. ತೂತು ಬೆಳೆಯುವುದು ನಿಂತಿತು, ಗುರುತು ಹಾಗೇ ಇದೆ.

ಮೈಕ್ರೋಸ್ಕೋಪ್ ಬಂದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಬೇವಿನ ಎಲೆ ಕಷಾಯ ಹಾಕಿ ನೋಡಿದೆ: ಜೀವಿಗಳು ಹಾಗೇ, ನೀರು ಮಾತ್ರ ಕಂದು. ನುಗ್ಗೆಸೊಪ್ಪು, ಪಾಲಕ್, ಬಟಾಣಿ ರುಬ್ಬಿ ಚೈನಾ ಗ್ರಾಸ್‌ನಲ್ಲಿ ಕಟ್ಟಿ ತುಂಡು ಮಾಡಿದೆ. ಕಾಯಿಲೆಗಲ್ಲ, ದಿನದ ಆಹಾರಕ್ಕೆ ಇದು ಅದ್ಭುತ. ನುಗ್ಗೆಸೊಪ್ಪನ್ನು ಡೆಮಾಸೋನಿ ಪೆಲೆಟ್‌ಗಿಂತ ಮೊದಲು ಮುಗಿಸುತ್ತವೆ. ಇದರಲ್ಲೇ ಔಷಧಿ ಸೇರಿಸುವುದಾದರೆ ಚೈನಾ ಗ್ರಾಸ್ ಕೈಗೆ ತಡೆಯುವಷ್ಟು ಆರಿದ ಮೇಲೆ, ಗಟ್ಟಿಯಾಗುವ ಮುಂಚೆ ಸೇರಿಸಿ. ಆ ಸಮಯ ತುಂಬ ಚಿಕ್ಕದು.

ಹಿಕ್ಕೆ ನೋಡುವ ಚಟದಿಂದ ಇನ್ನೊಂದು ಲಾಭ ಆಯಿತು. ಮೈಸೂರಿನ ಗೆಳೆಯನ ಟ್ಯಾಂಕಿನಲ್ಲಿ ಮೀನಿನ ಮಲದ್ವಾರದಿಂದ ಕೆಂಪು ನೂಲಿನ ತುದಿಗಳು ಇಣುಕುತ್ತಿದ್ದವು. ಕಮಲಾನಸ್ ಹುಳು. ಇದಕ್ಕೆ ಮೆಟ್ರೋನಿಡಜೋಲ್ ಅಲ್ಲ, ಕುರಿಗೆ ಹುಳ ಬೀಳಲು ಕೊಡುವ ಲೆವಮಿಸೋಲ್. ಲೀಟರಿಗೆ 2 ಮಿಲಿಗ್ರಾಂ, ಲೈಟ್ ಆರಿಸಿ, ಮಾರನೇ ದಿನ ದೊಡ್ಡ ನೀರು ಬದಲು, ತಳ ಪೂರ್ತಿ ಸೈಫನ್. ಎರಡು ಮೂರು ವಾರ ಬಿಟ್ಟು ಮತ್ತೊಂದು ಸಲ. ಅವನು ಎರಡನೇ ಡೋಸ್ ಬೇಡ ಅಂದ, ನಾನು ಬಿಡಲಿಲ್ಲ.

ಟ್ರೋಫಿಯಸ್ (ಟಾಂಗನೀಕಾ ಸರೋವರದ ಸಿಕ್ಲಿಡ್) ಸಾಕುವವರು ಕೇಳುತ್ತಿದ್ದಾರೆ, ಅವುಗಳಿಗೂ ಇದು ಆಗುತ್ತದಾ ಅಂತ. ಅವು ತಿನ್ನುವುದನ್ನು ಬಿಡುವುದು ಇನ್ನೂ ಬೇಗ, ಬೆಲೆಯೂ ನನ್ನ ಕೈಗೆ ಎಟುಕುವುದಲ್ಲ. ಯಾರಾದರೂ ಟ್ಯಾಂಕ್ ಕೊಟ್ಟರೆ ನಾನು ತಯಾರು. ಪೆಲೆಟ್ ಮತ್ತು ಮಾತ್ರೆ ನನ್ನದು, ಮೀನು ಅವರದು.